ಎಕ್ಕಂಬಿಯ ಕಪ್ಪುಗಲ್ಲಿನಲ್ಲಿ ಎಣ್ಣೆ

"ಅದಕ್ಕ ಕೈ ಹಚ್ಚಬ್ಯಾಡ್ರಿ!"

ಕೂಗಿನ ಜೊತೆಗೇ ಯಾರೋ ಅನುಶ್ರೀಯ ಕೈ ಹಿಡಿದು ಹಿಂದಕ್ಕೆಳೆದರು. ಕೈ ಹಾಕಲು ಹೊರಟಿದ್ದ ಪೆಟ್ಟಿಗೆಯಲ್ಲಿ, ಕೊರೆದು ತೆಗೆದ ಕಲ್ಲಿನ ತುಂಡುಗಳ ನಡುವೆ, ಕೊಳಕುಮಂಡಲ ಹಾವೊಂದು ಸುರುಳಿ ಸುತ್ತಿ ಮಲಗಿತ್ತು!

"ನಾ ಶಂಭುಲಿಂಗ... ಇಲ್ಲಿ ನೆಲ ಕೊರೆಯೋ ಕೆಲಸದ ಇಂಜಿನಿಯರ್. ನೀವು ಶಿರಸಿ ಲ್ಯಾಬಿನವ್ರಲ್ಲ? ಜೋರಾಗಿ ಹಿಡದ್ನೇನ್ರಿ? ನೋವಾತೇನ್ರಿ?"

ನೋವಾಗಿತ್ತು. ಆದರೂ ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನ ಬೆರಳುಗಳು ಇನ್ನೂ ನಡುಗುತ್ತಿದ್ದವು.

ನನಗಾಗಿ ಇಷ್ಟು ಹೆದರಿದನೇ ಇವನು...?

ಎಕ್ಕಂಬಿಯ ಹತ್ತಿರ ಒಂದು ಖಾಸಗಿ ಕಂಪನಿ ಶೇಲ್ ಎಂಬ ಕಪ್ಪು ಪದರಗಲ್ಲನ್ನು ಕೊರೆದು ತೆಗೆಯುತ್ತಿತ್ತು. ಅದರಲ್ಲಿ ಎಣ್ಣೆ ಇದೆಯೇ ಎಂದು ಪರೀಕ್ಷಿಸುವುದು ಅನುಶ್ರೀಯ ಕೆಲಸ. ಕಲ್ಲಿನ ಪುಡಿಯನ್ನು ಯಂತ್ರದಲ್ಲಿ ಕಾಯಿಸಿದರೆ, ಮೊದಲು ಕಲ್ಲಿನೊಳಗೆ ಆಗಲೇ ಇರುವ ಎಣ್ಣೆ ಆವಿಯಾಗಿ ಬರುತ್ತದೆ. ಬಿಸಿ ಇನ್ನೂ ಏರಿದಾಗ, ಕಲ್ಲು ಹೊಸದಾಗಿ ಎಷ್ಟು ಎಣ್ಣೆ ಹುಟ್ಟಿಸಬಲ್ಲದು ಎಂಬುದು ತಿಳಿಯುತ್ತದೆ.

ಲ್ಯಾಬಿಗೆ ಕಲ್ಲಿನ ಮಾದರಿ ಕೊಡಲು ಬರುತ್ತಿದ್ದ ಶಂಭುಲಿಂಗ ಬರಬರುತ್ತ ಮಾತಿಗೆ ಕೂರತೊಡಗಿದ. ಬನವಾಸಿಯ ತನ್ನ ಮನೆಯ ಕಥೆ ಹೇಳಿ ನಗಿಸುತ್ತಿದ್ದ. ಅವಳು ಎಕ್ಕಂಬಿಯ ತನ್ನ ಸೋದರಮಾವನ ಬಗ್ಗೆ ಹೇಳುತ್ತಿದ್ದಳು. ಅವನ ಬೈಕಿನ ಸದ್ದಿಗೆ ಅವಳ ಮನಸ್ಸು ಕಾಯಲು ಕಲಿತಿತ್ತು.

ಒಂದು ದಿನ ಯಂತ್ರದ ಪರದೆಯ ಮೇಲೆ, ಆಗಲೇ ಇರುವ ಎಣ್ಣೆಯನ್ನು ತೋರಿಸುವ ಮೊದಲ ಗೆರೆ ಮೇಲಕ್ಕೆ ಚಿಮ್ಮಿತು. ಎಣ್ಣೆ... ಅಷ್ಟೊಂದು ಎಣ್ಣೆ!

ಸುದ್ದಿ ಅದು ಹೇಗೋ ಎಕ್ಕಂಬಿ ತಲುಪಿತು. ತಾಯಿಯಿಲ್ಲದ ಅವಳನ್ನು ಸಾಕಿದ ಸೋದರಮಾವ ಕೆರಿಯಪ್ಪ ಫೋನ್ ಮಾಡಿದ. ಅವನ ಗದ್ದೆ, ಕಲ್ಲು ಕೊರೆಯುವ ಜಾಗದ ಪಕ್ಕದಲ್ಲೇ ಇತ್ತು.

"ತಂಗೀ, ನಮ್ಮ ಗದ್ದೆ ತಗಂಬುಡ್ತಾರಂತಲ್ಲೇ? ಹೌದನೇ? ಎಂತ ಮಾಡದು ನಾವು?"

ನನ್ನ ಕೈಯಿಂದಲೇ ಮಾವನ ಊರು ಹೋಗುತ್ತದೆಯೇ?

ಪರದೆಯನ್ನು ಮತ್ತೆ ನೋಡಿದಳು. ಹೊಸ ಎಣ್ಣೆಯನ್ನು ತೋರಿಸುವ ಎರಡನೆಯ ಗೆರೆ ಏಳಲೇ ಇರಲಿಲ್ಲ. ಎಣ್ಣೆ ಹುಟ್ಟಿಸುವ ಶಕ್ತಿಯೇ ಇಲ್ಲದ ಕಲ್ಲಿನಲ್ಲಿ ಇಷ್ಟು ಎಣ್ಣೆ ಎಲ್ಲಿಂದ ಬಂತು? ಉಳಿದಿದ್ದ ತುಂಡನ್ನು ಮೂಗಿನ ಬಳಿ ತಂದಳು. ಡೀಸೆಲ್ ವಾಸನೆ!

ಯಾರೋ ಬೆರೆಸಿದ್ದಾರೆ. ಕಲ್ಲು ಮುಟ್ಟುವವನು ಶಂಭುಲಿಂಗನೊಬ್ಬನೇ...

ಅವನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಮರುದಿನವೂ ಸ್ವಿಚ್ ಆಫ್. ಅವಳಿಗೆ ಅನ್ನ ಸೇರಲಿಲ್ಲ. ಅವನು ಮೋಸಗಾರನೆಂಬ ಭಯ ಒಂದು ಕಡೆ. ಮೋಸಗಾರನಾದರೂ ಅವನೇ ಬೇಕೆನ್ನುತ್ತಿದ್ದ ತನ್ನ ಮನಸ್ಸಿನ ಭಯ ಇನ್ನೊಂದು ಕಡೆ.

ಸಂಜೆ ಲ್ಯಾಬಿನಲ್ಲಿ ಒಬ್ಬಳೇ ಇದ್ದಾಗ ಯಾರೋ ಬಾಗಿಲು ದಡಬಡ ಬಡಿದರು. ಶಂಭುಲಿಂಗ! ಅಂಗಿಯೆಲ್ಲ ಕಲ್ಲುಧೂಳು.

ಅವಳು ಮೇಜಿನ ಹಿಂದಕ್ಕೆ ಸರಿದಳು. "ಹತ್ರ ಬರ್ಬೇಡಿ! ಡೀಸೆಲ್ ಬೆರೆಸಿದ್ದು ನೀವೇ ಅಲ್ವಾ?"

ಅವನ ಮುಖ ಬಿಳಿಚಿಕೊಂಡಿತು.

"ಡೀಸೆಲ್ ಹೌದ್ರಿ. ಬೆರೆಸಿದ್ದಲ್ಲ, ಮಶೀನಿಂದ ಸೋರಿ ಕಲ್ಲಿಗೆ ಹತ್ತೈತಿ. ಸಾಹೇಬ್ರಿಗೆ ಹೇಳಿದೆ. ಬಾಯಿ ಮುಚ್ಕೊಂಡಿರು ಅಂದ್ರು, ಕಂಪನಿ ಫೋನ್ ಕಸ್ಗೊಂಡ್ರು." ಅವನು ಹಾಳೆಯಲ್ಲಿ ಸುತ್ತಿದ ಕಲ್ಲಿನ ತುಂಡನ್ನು ಮೇಜಿನ ಮೇಲಿಟ್ಟ. "ಹೊರಗಿಂದೆಲ್ಲ ಕೊಯ್ದು ತಗದು ಒಳಗಿನ ತಿರುಳಷ್ಟ ತಂದೀನಿ. ನನ್ನ ನಂಬಬ್ಯಾಡ್ರಿ. ಕಾಯಿಸಿ ನೋಡ್ರಿ."

ಅವಳು ಅದನ್ನು ಪುಡಿ ಮಾಡಿ ಯಂತ್ರಕ್ಕೆ ಹಾಕಿದಳು. ಬಿಸಿ ಏರಿತು. ಗೆರೆ ಎದ್ದರೆ ಮಾವನ ಗದ್ದೆ ಹೋಯಿತು. ಇವನೂ ಸುಳ್ಳುಗಾರನಾದ...

ದೇವರೇ, ಏಳದಿರಲಿ!

ಮೊದಲ ಗೆರೆ ಏಳಲಿಲ್ಲ. ಎರಡನೆಯದೂ ಏಳಲಿಲ್ಲ!

"ಈ ಕಲ್ಲು ನೆಲದಾಳದ ಬಿಸಿಗೆ ಎಂದೋ ಬೆಂದು ಮುಗಿದಿದೆ. ಬರೀ ಇಂಗಾಲ ಉಳಿದಿದೆ... ಎಣ್ಣೆ ಇಲ್ಲ!" ಅವಳು ಕುಸಿದು ಕುಳಿತು ಅತ್ತಳು. "ನಿಮ್ಮನ್ನ ಕಳ್ಳ ಅಂದ್ಕೊಂಡೆ..."

"ನಿಮ್ಮ ಜಾಗದಾಗ ನಾ ಇದ್ರೂ ಹಂಗ ಅಂದ್ಕೋತಿದ್ದೆ. ಅಳಬ್ಯಾಡ್ರಿ."

ಆ ಫಲಿತಾಂಶದ ಕೆಳಗೆ ಇಬ್ಬರೂ ಸಹಿ ಹಾಕಿ ಕಂಪನಿಗೂ, ಪರವಾನಗಿ ಕೊಟ್ಟ ಇಲಾಖೆಗೂ ಕಳಿಸಿದರು. ಕಂಪನಿ ಎಕ್ಕಂಬಿ ಬಿಟ್ಟಿತು. ಶಂಭುಲಿಂಗನ ಕೆಲಸವೂ ಹೋಯಿತು.

ಯಂತ್ರಗಳನ್ನು ಲಾರಿಗೆ ಏರಿಸುವ ದಿನ ಅನುಶ್ರೀ ಕಲ್ಲು ಕೊರೆಯುವ ಜಾಗಕ್ಕೆ ಓಡೋಡಿ ಬಂದಳು. ಶಂಭುಲಿಂಗ ಬೈಕಿಗೆ ಚೀಲ ಕಟ್ಟುತ್ತಿದ್ದ.

"ಹೊರಟ್ರಾ?"

"ಇಲ್ಲೇನೈತ್ರಿ ಇನ್ನ ನಂದು?"

"ನಂಗೆ ಹೆದರಿಕೆ ಆಗ್ತಿದೆ..."

"ಯಾಕ್ರಿ? ಎಲ್ಲಾ ಮುಗೀತಲ್ಲ?"

"ನೀವು ಹೋಗ್ಬಿಡ್ತೀರಿ ಅಂತ."

ಅವನ ಕೈಯಲ್ಲಿದ್ದ ಹಗ್ಗ ಜಾರಿತು. "ನಂಗೂ ಅದ ಹೆದರಿಕಿ... ನೀವು ಹೋಗ್ರಿ ಅಂದ್ಬಿಡ್ತೀರಿ ಅಂತ. ಹಾವು ಕಂಡ ದಿನದಿಂದ ನೀವಂದ್ರ ಭಾಳ ಇಷ್ಟ. ಹೇಳಾಕ ಧೈರ್ಯ ಬರ್ಲಿಲ್ಲ."

ಅವಳು ಹತ್ತಿರ ಬಂದು, ಧೂಳು ಮೆತ್ತಿದ ಅವನ ಬೆರಳು ಹಿಡಿದಳು.

"ನನ್ನ ಅನು ಅನ್ನಿ."

"ಅನೂ..."

"ಹ್ಞಾಂ?"

"ನಿಮ್ಮ ಮಾವನ್ನ ಯಾವಾಗ ಕಾಣ್ಲಿ?"

"ಈಗ್ಲೇ ಬನ್ನಿ," ಅವಳು ಕಣ್ಣೊರೆಸಿಕೊಂಡು ನಕ್ಕಳು, "ಗದ್ದೇಲೇ ಇದಾರೆ."