ಫಕ್ಕೀರಪ್ಪನ ಉಸಿರುಮಣಿ

ಮಧ್ಯಾಹ್ನದ ಊಟ ಮುಗಿದು ಪರದೆಗಳು ಇಳಿದ ಮೇಲೆ ಆ ದೊಡ್ಡ ಕೋಣೆಯಲ್ಲಿ ಪರಿಮಳಗಳ ಓಡಾಟ ಶುರುವಾಗುತ್ತಿತ್ತು. ಕಿಟಕಿ ಪಕ್ಕದ ಹಾಸಿಗೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಮಲಗಿದ್ದರು. ಅವರ ಹತ್ತಿರ ಹೋದರೆ ಹೊಸ ಪಠ್ಯಪುಸ್ತಕದ ವಾಸನೆ. ಅವರಾಚೆಗಿನ ಹೆಂಗಸಿನ ಬಳಿ ಎಳೆಗೂಸಿನ ನೆತ್ತಿಗೆ ಹಚ್ಚಿದ ಕೊಬ್ಬರಿ ಎಣ್ಣೆಯ ವಾಸನೆ. ಒಬ್ಬ ಮುದಿ ಬಸ್ ಚಾಲಕನಿಗೆ ಡೀಸೆಲ್ಲೇ ಆಗಬೇಕಿತ್ತು. ಡೀಸೆಲ್ ಬಸ್ಸುಗಳು ರಸ್ತೆಯಿಂದ ಮಾಯವಾಗಿ ಎಷ್ಟೋ ವರ್ಷಗಳಾಗಿದ್ದವು, ಅವನ ನಿದ್ದೆಯಲ್ಲಿ ಮಾತ್ರ ಇನ್ನೂ ಓಡುತ್ತಿದ್ದವು. ಎಲ್ಲರ ಮೂಗಿನ ಹೊಳ್ಳೆಯ ಬದಿಗೂ ಸಾಸಿವೆಗಿಂತ ತುಸು ದೊಡ್ಡದಾದ ಒಂದು ಮಣಿ ಅಂಟಿಕೊಂಡಿತ್ತು. ಅದೇ ಉಸಿರುಮಣಿ.

ಈ ಶತಮಾನದ ಅರವತ್ತರ ದಶಕದಲ್ಲಿ, ಹುಬ್ಬಳ್ಳಿಯ ಹೊರವಲಯದ ಒಂದು ನಿದ್ರಾ ಆಸ್ಪತ್ರೆಯಲ್ಲಿ ಡಾ. ಸುಜಲಾ ಬಣಕಾರ ಅದನ್ನು ಕಂಡುಹಿಡಿದಿದ್ದಳು. ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆ ಬಹಳ ಜನರಿಗೆ ಇರುತ್ತದೆ. ಕೆಲವರಿಗೆ ಗಂಟಲಿನ ಸ್ನಾಯು ಸಡಿಲವಾಗಿ ದಾರಿ ಮುಚ್ಚುತ್ತದೆ, ಕೆಲವರಿಗೆ ಉಸಿರಾಡು ಎಂದು ಹೇಳಬೇಕಾದ ಮಿದುಳೇ ಮೈಮರೆಯುತ್ತದೆ. ಆದರೆ ಉಸಿರು ಒಮ್ಮೆಲೇ ನಿಲ್ಲುವುದಿಲ್ಲ, ಮೊದಲು ಸಣ್ಣಗಾಗುತ್ತದೆ. ಮಣಿ ಆ ಹೊತ್ತನ್ನೇ ಕಾಯುತ್ತಿತ್ತು. ಉಸಿರು ಸಣ್ಣಗಾದೊಡನೆ, ಮಲಗಿದವರಿಗೆ ಪ್ರಿಯವಾದ ಒಂದು ವಾಸನೆಯನ್ನು ತೃಣದಷ್ಟು ಬಿಡುತ್ತಿತ್ತು. ಸದ್ದಿಗೆ ಎಚ್ಚರವಾಗುವ ನಾವು ವಾಸನೆಗೆ ಅಷ್ಟು ಸುಲಭವಾಗಿ ಎಚ್ಚರಗೊಳ್ಳುವುದಿಲ್ಲ. ಕನಸಿನೊಳಗೇ ಅದನ್ನು ಬರಮಾಡಿಕೊಂಡು ಎದೆ ತುಂಬ ಎಳೆದುಕೊಳ್ಳುತ್ತೇವೆ. ಮುಖಕ್ಕೆ ಮುಖವಾಡ ಕಟ್ಟಿ ಗಾಳಿ ಒತ್ತುವ ಹಳೆಯ ಯಂತ್ರಗಳು ಒಂದೊಂದಾಗಿ ಉಗ್ರಾಣ ಸೇರುತ್ತಿದ್ದವು.

ಅಂಥ ಕಾಲದಲ್ಲಿ ಬಂದವನು ಫಕ್ಕೀರಪ್ಪ. ಮೀಸೆ ಮೂಡುವ ವಯಸ್ಸಿನಲ್ಲಿ ಮೆಣಸಿನಕಾಯಿ ಪೇಟೆ ಸೇರಿ, ಯಂತ್ರಗಳು ಬಂದು ಮನೆಗೆ ಕಳಿಸುವವರೆಗೂ ಚೀಲ ಹೊತ್ತ ಹಮಾಲ. ಪುಪ್ಪುಸಗಳಲ್ಲಿ ಆ ದೂಳು ಇನ್ನೂ ಉಳಿದಿತ್ತು. ನಿದ್ದೆಯಲ್ಲಿ ಉಸಿರು ನಿಂತಾಗಲೆಲ್ಲ ಹೃದಯ ತಡಬಡಾಯಿಸುತ್ತಿತ್ತು, ಹೀಗೇ ಆದರೆ ಒಂದು ದಿನ ಮಲಗಿದವನು ಏಳುವುದಿಲ್ಲ ಎಂದು ಹೃದಯದ ವೈದ್ಯರು ನೇರವಾಗಿಯೇ ಹೇಳಿದ್ದರು. ಮುಖವಾಡ ಕಟ್ಟಿದರೆ ಕಿತ್ತೆಸೆಯುತ್ತಿದ್ದ. ಹಟಮಾರಿ ಎಂದು ಎಲ್ಲರೂ ಕೈಬಿಟ್ಟಿದ್ದರು. ಹೆಂಡತಿ ನೀಲವ್ವ ಮಾತ್ರ ಅವನ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಅರೆ ಎಚ್ಚರದಲ್ಲಿ ಮಲಗುತ್ತಿದ್ದಳು. ಎದೆ ಏಳದಿದ್ದರೆ ತಿವಿಯುತ್ತಿದ್ದಳು. ಕಣ್ತುಂಬ ನಿದ್ದೆ ಮಾಡಿ ಅವಳಿಗೆ ವರ್ಷಗಳೇ ಆಗಿದ್ದವು.

ಮಣಿ ನೋಡಿ ಫಕ್ಕೀರಪ್ಪ ನಕ್ಕ. "ಈ ವಯಸ್ಸಿನ್ಯಾಗ ನನಗ ಮೂಗಬಟ್ಟ ಇಡಸ್ತೀರೇನ್ರಿ ಅಕ್ಕಾರ? ಓಣ್ಯಾಗ ಹೆಂಗ ಅಡ್ಡಾಡ್ಲಿ?"

"ಇಟ್ಕೊಳ್ರಿ, ಛಲೋ ಕಾಣತೈತಿ," ಎಂದಳು ನೀಲವ್ವ. "ನಂದೂ ಒಂದ ಐತಿ, ಜೋಡಿ ಆಗತೈತಿ."

ಯಾವ ವಾಸನೆ ಇಷ್ಟ ಎಂದು ಸುಜಲಾ ಕೇಳಿದಳು. ಹಂಚಿನ ಮೇಲಿನ ಬಿಸಿ ರೊಟ್ಟಿ ಎಂದ. ಸುಜಲಾಗೆ ಖುಷಿಯಾಯಿತು, ಅವಳದೂ ಅದೇ. ಮರುದಿನ ಮಧ್ಯಾಹ್ನ ಅವನು ಮಲಗಿದ, ಉಸಿರು ಸಣ್ಣಗಾಯಿತು, ಮಣಿ ರೊಟ್ಟಿಯ ವಾಸನೆ ಬಿಟ್ಟಿತು. ಯಂತ್ರದ ಪರದೆಯ ಮೇಲೆ ಅವನ ಉಸಿರನ್ನು ತೋರಿಸುವ ಗೆರೆ ಮೇಲೇಳಬೇಕಿತ್ತು. ಏಳಲಿಲ್ಲ. ಚಪ್ಪಟೆಯಾಗಿ ಮಲಗಿಬಿಟ್ಟಿತು.

"ಏಳ್ರೀ! ಉಸರ ತಗೋರಿ!" ನೀಲವ್ವ ಅವನ ಭುಜ ಹಿಡಿದು ಅಲುಗಿಸಿದಳು. ಫಕ್ಕೀರಪ್ಪ ಎದ್ದು ಕುಳಿತು ದೀರ್ಘವಾಗಿ ಕೆಮ್ಮಿದ.

ಆಮೇಲೆ ಮಲ್ಲಿಗೆ ನೋಡಿದರು, ಕರ್ಪೂರ ನೋಡಿದರು, ಹಸಿ ಶೇಂಗಾ, ಬೆಲ್ಲದ ಪಾಕ, ವಿಭೂತಿ ಎಲ್ಲ ಆಯಿತು. ಪ್ರತಿಯೊಂದಕ್ಕೂ ಉಸಿರು ಬೀಗ ಹಾಕಿದ ಹಾಗೆ ನಿಲ್ಲುತ್ತಿತ್ತು. ಊರಿಗೆಲ್ಲ ಉಸಿರು ಕೊಡುವ ಮಣಿ ಇವನ ಉಸಿರನ್ನೇ ಕಿತ್ತುಕೊಳ್ಳುತ್ತಿತ್ತು. ಸಂಶೋಧನೆಯಿಂದ ರೋಗಿಗೆ ತೊಂದರೆಯಾಗದಂತೆ ನೋಡಿಕೊಳ್ಳುವ ಸಮಿತಿಯವರು, ಈ ಮನುಷ್ಯನನ್ನು ಪ್ರಯೋಗದಿಂದ ಬಿಟ್ಟುಬಿಡಿ ಎಂದರು. ಅವರು ಹೇಳಿದ್ದು ಸರಿಯೇ. ಆದರೆ ಬಿಟ್ಟರೆ ಅವನು ಹೋಗುವುದೆಲ್ಲಿಗೆ? ನೀಲವ್ವನ ಅಂಗೈಗೆ ತಾನೇ? ಸುಜಲಾಗೆ ಇದು ಸಹಿಸಲಾರದಷ್ಟು ನೋವು ಕೊಟ್ಟಿತು. ಸೋತೆ ಎನ್ನುವ ಸಿಟ್ಟೂ ಅದರೊಳಗೆ ಇಲ್ಲದೆ ಇರಲಿಲ್ಲ.

ಗಂಡ ಹೆಂಡತಿ ಊರಿಗೆ ಹೊರಡುವ ದಿನ ಬೆಳಿಗ್ಗೆ ಸುಜಲಾ ಬಂದು ಹಾಸಿಗೆಯ ತುದಿಯಲ್ಲಿ ಕುಳಿತಳು. ಸುಮ್ಮನೆ ಮಾತಿಗೆಂದು ಕೇಳಿದಳು.

"ಕಾಕಾ, ಪೇಟಿಯೊಳಗ ಚೀಲ ಹೆಂಗ ಹೊರತಿದ್ರಿ? ತೋರಸ್ರಿ ನೋಡೂಣು."

"ಚೀಲ ಎಲ್ಲೈತ್ರಿ?"

ಸುಜಲಾ ಹಾಸಿಗೆಯನ್ನೇ ಸುರುಳಿ ಸುತ್ತಿ ನಿಲ್ಲಿಸಿದಳು. "ಇದನ್ನ ನಮ್ಮ ಮೊಮ್ಮಗಳೂ ಹೊರತಾಳ," ಎಂದು ಹೀಯಾಳಿಸಿದರೂ ಫಕ್ಕೀರಪ್ಪನಿಗೆ ಹುರುಪು ಬಂತು. ಹೆಗಲ ಮೇಲಿನ ಟವೆಲನ್ನು ನಲ್ಲಿಗೆ ಹಿಡಿದು ಹಿಂಡಿ, ಮೂಗು ಬಾಯಿ ಮುಚ್ಚಿ ಕಟ್ಟಿಕೊಂಡ. ಬಗ್ಗಿ ಬೆನ್ನಿಗೆ ಸುರುಳಿ ಏರಿಸಿಕೊಂಡು ಪಡಸಾಲೆಯ ಉದ್ದಕ್ಕೂ ನಡೆದ. ಸಣ್ಣ ಬಿರುಸು ಹೆಜ್ಜೆ, ವಯಸ್ಸೇ ಮರೆತುಹೋದಂತೆ. ಸುಜಲಾ ಪಕ್ಕದಲ್ಲೇ ನಡೆಯುತ್ತ ಏನೋ ಕೇಳಿದಳು. ಅವನು ಉತ್ತರ ಕೊಡಲಿಲ್ಲ, ಕೈ ಅಲ್ಲಾಡಿಸಿದ ಅಷ್ಟೆ. ಪಡಸಾಲೆ ಮುಗಿದ ಕಡೆ, ತೋಟಕ್ಕೆ ತೆರೆದ ಬಾಗಿಲಾಚೆ ಸುರುಳಿ ಇಳಿಸಿದ. ಟವೆಲನ್ನು ಕುತ್ತಿಗೆಗೆ ಜಗ್ಗಿ, ಮುಖ ಮೇಲೆತ್ತಿ, ಸದ್ದಾಗುವ ಹಾಗೆ ಉದ್ದನೆಯ ಉಸಿರು ಎಳೆದುಕೊಂಡ.

"ದಾರ್‍ಯಾಗ ಯಾಕ ಮಾತಾಡ್ಲಿಲ್ಲ ಕಾಕಾ?"

"ಮಾತಾಡಿದ್ರ ಘಾಟ ಎದಿಗೆ ಇಳೀತೈತ್ರಿ. ಗುಡಾಮಿನೊಳಗ ಉಸರ ತಗೊಳ್ಳಾಂಗಿಲ್ಲ. ಹೊರಗ ಬಂದು ಚೀಲ ಇಳಿಸಿದ ಮ್ಯಾಲೆನ ಉಸರ."

"ಇದು ದವಾಖಾನಿ. ಇಲ್ಲೆ ಮೆಣಸಿನಕಾಯಿ ಇಲ್ಲಲ್ಲ."

ಫಕ್ಕೀರಪ್ಪ ತನ್ನ ಬೆನ್ನ ಹಿಂದಿನ ಪಡಸಾಲೆಯನ್ನು ತಿರುಗಿ ನೋಡಿದ. "ಹೌದಲ್ರಿ! ಆದ್ರೂ ತಗೊಳ್ಳಾಕ ಆಗಲಿಲ್ಲ ನೋಡ್ರಿ."

ಸುಜಲಾ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಅವನ ಮೂಗಿಗೆ ವಾಸನೆ ಎಂದರೆ ಬೆನ್ನ ಮೇಲೆ ಚೀಲ ಇದೆ ಎಂದರ್ಥ. ರೊಟ್ಟಿಯಾಗಲಿ ಮಲ್ಲಿಗೆಯಾಗಲಿ, ಘಮ್ಮೆಂದರೆ ಸಾಕು, ಎದೆ ಬಾಗಿಲು ಹಾಕಿಕೊಳ್ಳುತ್ತದೆ. ಎಚ್ಚರದಲ್ಲಿ ಅದನ್ನು ಹೇಗೋ ಮೀರಿ ರೊಟ್ಟಿ ತಿನ್ನುತ್ತಾನೆ. ನಿದ್ದೆಯಲ್ಲಿ ಮೀರುವವರು ಯಾರೂ ಇಲ್ಲ. ಮುಖವಾಡ ಕಟ್ಟಿದರೆ ಅದೂ ಟವೆಲ್ಲೇ. ಪೇಟೆ ಬಿಟ್ಟು ಎಷ್ಟೋ ವರ್ಷಗಳಾದರೂ ಈ ಮನುಷ್ಯ ಕಣ್ಣು ಮುಚ್ಚಿದೊಡನೆ ಚೀಲ ಹೊರುತ್ತಿದ್ದಾನೆ, ಹೊರುತ್ತಲೇ ಇದ್ದಾನೆ.

"ಹೊರಗ ಬಂದು ಟವೆಲ್ ಜಗ್ಗಿದಾಗ ಏನ್ ವಾಸನಿ ಬರ್ತಿತ್ತು?" ಎಂದು ಕೇಳಿದಳು.

ಫಕ್ಕೀರಪ್ಪ ಕಣ್ಣು ಮುಚ್ಚಿ ಇನ್ನೊಂದು ಉಸಿರು ಎಳೆದುಕೊಂಡ. "ಏನೂ ಇಲ್ರಿ. ಅದ ಛಲೋ ಇರ್ತಿತ್ತು."

ಅವರು ಊರಿಗೆ ಹೋಗಲಿಲ್ಲ. ಸುಜಲಾ ಸಮಿತಿಯ ಮುಂದೆ ನಿಂತು ಇನ್ನೊಂದೇ ಒಂದು ಅವಕಾಶ ಕೇಳಿ ಪಡೆದಳು. ಆಸ್ಪತ್ರೆಯ ಕಪಾಟುಗಳಲ್ಲಿ ನೂರಾರು ಪರಿಮಳಗಳಿದ್ದವು, ವಾಸನೆಯೇ ಇಲ್ಲದ ಗಾಳಿ ಮಾತ್ರ ಒಂದು ಗುಟುಕೂ ಇರಲಿಲ್ಲ. ಏನೂ ಇಲ್ಲದ್ದನ್ನು ತಯಾರಿಸುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಸೀಸೆಯಲ್ಲಿ ತುಂಬಿದರೆ ಸೀಸೆಯ ವಾಸನೆ, ನಳಿಗೆಯಲ್ಲಿ ಹಾಯಿಸಿದರೆ ನಳಿಗೆಯ ವಾಸನೆ. ಕಡೆಗೆ ಗಾಳಿಯನ್ನು ಇದ್ದಿಲಿನ ತೆಳು ಪದರಗಳಲ್ಲಿ ಮತ್ತೆ ಮತ್ತೆ ಸೋಸಿ, ತುಸು ತಣ್ಣಗೆ ಮಾಡಿ, ಹೊಸ ಮಣಿಯೊಂದಕ್ಕೆ ತುಂಬಿದರು. ಅದು ಬಿಚ್ಚಿಕೊಂಡಾಗ ಸುತ್ತಲಿನ ಫಿನಾಯಿಲು, ಅನ್ನಸಾರು, ಪಕ್ಕದವರ ಪರಿಮಳಗಳು ಎಲ್ಲವೂ ಒಂದು ಗಳಿಗೆ ಸರಿದು ನಿಲ್ಲಬೇಕು.

ಮಧ್ಯಾಹ್ನ ಪರದೆಗಳು ಇಳಿದವು. ಎಲ್ಲಿಂದಲೋ ಹೊಸ ಪುಸ್ತಕ, ಎಲ್ಲಿಂದಲೋ ಕೊಬ್ಬರಿ ಎಣ್ಣೆ ತೇಲಿ ಬರುತ್ತಿದ್ದವು. ನೀಲವ್ವ ಗಂಡನ ಎದೆಯ ಮೇಲೆ ಕೈ ಇಡಲು ಹೋದಳು. ಸುಜಲಾ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ಫಕ್ಕೀರಪ್ಪನ ಉಸಿರಿನ ಗೆರೆ ತಗ್ಗುತ್ತ ಬಂತು, ಸಣ್ಣಗಾಯಿತು, ಇನ್ನೇನು ಮಲಗಬೇಕು.

ಮಣಿ ಬಿಚ್ಚಿಕೊಂಡಿತು.

ನಿದ್ದೆಯಲ್ಲೇ ಫಕ್ಕೀರಪ್ಪನ ಬಲಗೈ ಮೆಲ್ಲಗೆ ಎದ್ದಿತು. ಮುಖದ ಹತ್ತಿರ ಹೋಗಿ, ಅಲ್ಲಿ ಇಲ್ಲದ ಟವೆಲನ್ನು ಹಿಡಿದು ಕುತ್ತಿಗೆಯವರೆಗೆ ಜಗ್ಗಿ ಹಾಸಿಗೆಗೆ ಬಿತ್ತು. ಎದೆ ತುಂಬಿಕೊಂಡಿತು. ಗೆರೆ ಅಷ್ಟು ಎತ್ತರಕ್ಕೆ ಏರಿದ್ದನ್ನು ಆ ಕೋಣೆಯಲ್ಲಿ ಯಾರೂ ಕಂಡಿರಲಿಲ್ಲ.

"ಚೀಲ ಇಳಿಸಿದ್ರು," ಎಂದಳು ನೀಲವ್ವ. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಇನ್ನೊಮ್ಮೆ ಗೆರೆ ಏರುವುದನ್ನು ನೋಡಿದಳು, ಮತ್ತೊಮ್ಮೆ ನೋಡಿದಳು. ಆಮೇಲೆ ಕುಳಿತ ಕುರ್ಚಿಯಲ್ಲೇ ತಲೆ ವಾಲಿಸಿ ನಿದ್ದೆ ಹೋದಳು. ಸಂಜೆ ಚಹಾ ಬಂದರೂ ಅವಳನ್ನು ಯಾರೂ ಎಬ್ಬಿಸಲಿಲ್ಲ.

ಅಂದಿನಿಂದ ಸುಜಲಾ ಹೊಸ ರೋಗಿಗಳಿಗೆ ಯಾವ ವಾಸನೆ ಇಷ್ಟ ಎಂದು ಮೊದಲು ಕೇಳುವುದನ್ನು ಬಿಟ್ಟಳು. ಎಲ್ಲಿ ಉಸಿರು ಹಿಡಿಯುತ್ತಿದ್ದಿರಿ ಎಂದು ಕೇಳತೊಡಗಿದಳು. ಹತ್ತಿ ಬಿಡಿಸುವ ಜಿನ್ನಿನಲ್ಲಿ ಅನ್ನುತ್ತಿದ್ದರು. ಕಲ್ಲು ಒಡೆಯುವ ಕಡೆ ಅನ್ನುತ್ತಿದ್ದರು. ಊರಿನ ಕಸ ತುಂಬುವ ಗಾಡಿಯ ಹಿಂದೆ ಎಂದ ಒಬ್ಬ ಹೆಂಗಸು, ಹೇಳಿ ಮುಗಿಸುವ ಹೊತ್ತಿಗೆ ತನಗರಿವಿಲ್ಲದೆ ಉಸಿರು ಹಿಡಿದಿದ್ದಳು. ಏನೂ ಇಲ್ಲದ ಗಾಳಿಗೆ ಅಷ್ಟೊಂದು ಬೇಡಿಕೆ ಬರುತ್ತದೆಂದು ಯಾರೂ ಎಣಿಸಿರಲಿಲ್ಲ.

ಲೆಕ್ಕ ಹಾಕಿ ನೋಡಿದರೆ, ಫಕ್ಕೀರಪ್ಪ ಮೊದಲ ಚೀಲ ಹೊತ್ತದ್ದು ನಮ್ಮ ಈ ದಿನಗಳಲ್ಲೇ. ಉಸಿರುಮಣಿ ಇನ್ನೂ ಹುಟ್ಟಿಲ್ಲ, ಅದನ್ನು ಕಂಡುಹಿಡಿಯಬೇಕಾದವಳೂ ಪ್ರಾಯಶಃ ಹುಟ್ಟಿಲ್ಲ. ನಮ್ಮ ಸಾರಿಗೆ ಕೆಂಪು ಬಣ್ಣ ಕೊಡುವ ಮೆಣಸಿನಕಾಯಿ ಮಾತ್ರ ಪೇಟೆಗೆ ಬಂದು ಬಿದ್ದಿದೆ. ಮೀಸೆ ಈಗಷ್ಟೆ ಮೂಡುತ್ತಿರುವ ಒಬ್ಬ ಹುಡುಗ ಟವೆಲ್ ಒದ್ದೆ ಮಾಡಿ ಮುಖಕ್ಕೆ ಕಟ್ಟಿಕೊಂಡು ಗುಡಾಮಿನೊಳಗೆ ಹೋಗಿದ್ದಾನೆ. ಹೊರಗೆ ಬಂದು ಚೀಲ ಇಳಿಸುವ ತನಕ ಅವನು ಉಸಿರು ತೆಗೆದುಕೊಳ್ಳುವುದಿಲ್ಲ.