ಫೋನು ಹಿಡಿಯುವ ಕೆಲಸ

ಪ್ರಭುರಾಜ ನೌಕಾಪಡೆ ಸೇರಲು ಹೊರಟ ದಿನ ಯಲಬುರ್ಗಾ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದ. ಪಕ್ಕದ ಮನೆಯ ಹುಡುಗ, ಎರಡು ವರ್ಷ ಬರೀ ನೋಡುವುದರಲ್ಲೇ ಕಳೆದವನು, ಇವತ್ತಾದರೂ ಬಾಯಿ ಬಿಡುತ್ತಾನೆ ಅಂದುಕೊಂಡೆ.

"ಸಹನಾ, ಅವ್ವಗ ವಿಡಿಯೋ ಕಾಲ್ ಮಾಡಾಕ ಬರಾಂಗಿಲ್ಲ. ಐತವಾರ ನೀ ಬಂದು ಫೋನ್ ಹಿಡಿ."

ಅಷ್ಟೇ. ಸಿಟ್ಟಿಗೆ ನಾನು ಟಾಟಾ ಕೂಡ ಮಾಡಲಿಲ್ಲ.

ಒಡಿಶಾದ ಚಿಲ್ಕಾದಲ್ಲಿ ತರಬೇತಿ. ಭಾನುವಾರ ಸಂಜೆ ನಾಲ್ಕಕ್ಕೆ ಹತ್ತೇ ನಿಮಿಷ ಫೋನು ಅವನ ಕೈಗೆ. ಹದಿನೈದು ವಾರ ಇಲ್ಲಿ ನಾನು ಹಿಡಿದೆ. ಹತ್ತೂ ನಿಮಿಷ ಮಾತಾಡಿದವಳು ಅವನ ಅವ್ವ, ಪಕ್ಕೀರವ್ವತ್ತಿ. ಎಮ್ಮೆ ತೋರಿಸು, ಮಾಡಿದ ರೊಟ್ಟಿ ತೋರಿಸು ಅಂತ ನನಗೆ ಹೇಳುತ್ತಿದ್ದಳು. ಬಿಸಿಲಿಗೆ ಕರ್ರಗಾದ ಪ್ರಭುರಾಜ ಎಲ್ಲಕ್ಕೂ ಹೂಂಗುಟ್ಟುತ್ತಿದ್ದ. ಅವನ ಕಣ್ಣು ಮಾತ್ರ ನನ್ನ ಅರ್ಧ ಮುಖ ಕಾಣುವ ಮೂಲೆಯಲ್ಲೇ ಇರುತ್ತಿತ್ತು. ನಾನು ಬೇಕೆಂದೇ ಸರಿಯುತ್ತಿದ್ದೆ. ಮತ್ತೆ ಬೇಕೆಂದೇ ಬರುತ್ತಿದ್ದೆ.

ಮೇ ತಿಂಗಳಲ್ಲಿ ಯುದ್ಧ ಶುರುವಾಯಿತು. ತರಬೇತಿ ಮುಗಿದ ಕೂಡಲೇ ಹಡಗು, ಆಮೇಲೆ ಫೋನು ಯಾವಾಗ ಸಿಗುತ್ತದೋ ಅಂದರು. ಕೊನೆಯ ಭಾನುವಾರ ಬಂತು. ಮರುದಿನವೇ ಗಂಗಾವತಿಯಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು. ಇನ್ನು ಆ ಫೋನು ಹಿಡಿಯಲಾರೆ ಅಂತ ಮನೆಯಲ್ಲೇ ಕೂತೆ. ಐದು ನಿಮಿಷವೂ ಕೂರಲಾಗಲಿಲ್ಲ.

ಅವರ ಅಂಗಳಕ್ಕೆ ಹೋದರೆ ಪಕ್ಕೀರವ್ವತ್ತಿ ತಾನೇ ಫೋನು ಹಿಡಿದು ಕೂತಿದ್ದಾಳೆ, ಹೆಬ್ಬೆರಳಲ್ಲಿ ವಾಲ್ಯೂಮ್ ಏರಿಸುತ್ತ.

"ಅಕಿ ಇನ್ನೂ ಬಂದಿಲ್ಲಪಾ."

"ಕೂಗ ಬೇ, ನಾಕು ನಿಮಿಷ ಹೋತು. ನಾ ಎಮ್ಮಿ ನೋಡಾಕ ಫೋನ್ ಮಾಡತೀನೇನು?"

ನನ್ನನ್ನು ಕಂಡು ಅವಳಿಗೆ ನಾಚಿಕೆಯೂ ಆಗಲಿಲ್ಲ. "ತಗೋ, ಐದು ನಿಮಿಷ ಅದಾವ. ನಾ ಎಮ್ಮಿ ಹಿಂಡಬೇಕು," ಎಂದು ಎದ್ದು ಹೋದಳು.

"ಸುಳ್ಳಬುರುಕ," ಅಂದೆ ಫೋನಿಗೆ. "ನಿಮ್ಮವ್ವಗ ಎಲ್ಲಾ ಬರತೈತಿ."

"ನಿನಗ ಫೋನ್ ಮಾಡಾಕ ಧೈರ್ಯ ಸಾಲಲಿಲ್ಲ. ಹಿಂಗರ ವಾರಕ್ಕೊಮ್ಮಿ ಕಾಣತಿ ಅಂತ." ತಡೆದು ಕೇಳಿದ, "ನಾಳಿ ಗಂಗಾವತಿಯವರು ಬರತಾರಂತ?"

"ಬರತಾರ."

"ನೀ ಹೂಂ ಅಂದ್ರ ಅವ್ವ ಇವತ್ತ ನಿಮ್ಮಪ್ಪನ ಕೂಡ ಮಾತಾಡತಾಳ. ನಾ ಹಡಗಿನಿಂದ ಬರೂಮಟ ಕಾಯ್ತಿಯೇನು?"

ಕಣ್ಣು ತುಂಬಿತು. ತೋರಿಸಲು ಮನಸ್ಸಾಗಲಿಲ್ಲ. "ಮೊದಲ ಈಜು ಬರತೈತೇನು ಹೇಳು. ಊರ ಕೆರಿಗೂ ಇಳದಾವಲ್ಲ ನೀ."

"ಎರಡು ಸಲ ಫೇಲ್. ಮೂರನೇ ಸಲ ಬಸ್‌ಸ್ಟ್ಯಾಂಡಿನ್ಯಾಗಿನ ನಿನ್ನ ಸಿಟ್ಟಿನ ಮಾರಿ ನೆನಪಾತು. ಹೆದರಿ ದಂಡಿ ಮುಟ್ಟಿದೆ."

ನಾನು ನಕ್ಕೆ. ನಕ್ಕು ಮುಗಿಸುವಷ್ಟರಲ್ಲಿ ಹತ್ತು ನಿಮಿಷ ಮುಗಿದಿತ್ತು. ನಾನು ಹೂಂ ಅಂದಿದ್ದು ಕಪ್ಪು ಪರದೆಗೆ.

ಅಳು ಬಂದೇಬಿಟ್ಟಿತು. ಪಕ್ಕೀರವ್ವತ್ತಿ ಹಾಲಿನ ಚರಿಗೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಫೋನು ಕಸಿದುಕೊಂಡಳು. ವಾಟ್ಸಾಪಿನ ಮೈಕ್ ಒತ್ತಿ ನನ್ನ ಬಾಯಿಯ ಹತ್ತಿರ ತಂದಳು.

"ಇನ್ನೊಮ್ಮಿ ಅನ್ನವ್ವ. ಫೋನ್ ಸಿಕ್ಕಾಗ ಕೇಳತಾನ. ಈ ಸಲ ನಾ ಹಿಡೀತೀನಿ."

"ಹೂಂ," ಅಂದೆ. ಜೋರಾಗಿಯೇ ಅಂದೆ. ಪಕ್ಕದ ಮನೆಯಲ್ಲಿ ನಮ್ಮಪ್ಪನಿಗೂ ಕೇಳಿಸಿರಬೇಕು.