ಚೀಟಿಯಲ್ಲಿ ಇಲ್ಲದ ಸಾಲು

“ನೂರು ಬೀಗ ಜಡಿದ ಈ ಎದೆಯನ್ನು ನಿನ್ನದೊಂದು ನಗೆ ತೆರೆದಿಟ್ಟು ಹೋಯಿತು... ಇನ್ನು ಈ ಬಾಗಿಲು ಮುಚ್ಚುವವರಾರು?”

ಅವನು ಅವಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. ಅವಳ ಎದೆ ಝಲ್ಲೆಂದಿತು!

ಅದು ಇಂಗ್ಲೆಂಡಿನ ಮೊದಲ ಎಲಿಜಬೆತ್ ರಾಣಿಯ ಕಾಲದ ನಾಟಕದ ಮಾತು, ನಾನೂರು ವರ್ಷ ಹಳೆಯದು. ಆಗಿನ ನಟರ ಪದ್ಧತಿಯಲ್ಲೇ ಆಡಬೇಕೆಂದು ತಂಡದ ನಿರ್ದೇಶಕಿ, ಎಲ್ಲರ ಅಕ್ಕ, ಹಟ ಹಿಡಿದಿದ್ದಳು. ಯಾರಿಗೂ ಪೂರ್ತಿ ನಾಟಕ ಕೊಡುವುದಿಲ್ಲ. ಅವರವರ ಮಾತು, ಅದಕ್ಕೆ ಮುಂಚೆ ಎದುರಿನವರಿಂದ ಕೇಳಿಸುವ ಕೊನೆಯ ಎರಡು ಪದ, ಯಾವಾಗ ಒಳಗೆ ಬರಬೇಕು ಹೋಗಬೇಕು ಎಂಬ ಸೂಚನೆ, ಇಷ್ಟೇ ಇರುವ ಚೀಟಿ. ನಾಟಕವನ್ನು ಅನುವಾದಿಸಿ ಚೀಟಿಗಳನ್ನು ಬರೆದವನು ಅವನೇ. ಮುದ್ರಣಾಲಯದಲ್ಲಿ ಪ್ರೂಫ್ ನೋಡುವುದು ಅವನ ಕೆಲಸ. ಅವಳು ಕನ್ನಡಕದ ಅಂಗಡಿಯವಳು. ಮಧ್ಯಾಹ್ನದ ಬಿಡುವಿನಲ್ಲಿ ಇಬ್ಬರೇ ಮುದ್ರಣಾಲಯದ ಕಾಗದದ ಗೋದಾಮಿನಲ್ಲಿ ಅಭ್ಯಾಸ ಮಾಡುತ್ತಿದ್ದರು.

“ಆ ಮಾತು... ನಂಗೆ ಹೇಳಿದ್ದಾ?” ನಗುತ್ತಲೇ ಕೇಳಿಬಿಟ್ಟಳು.

ಅವನು ತಡಬಡಾಯಿಸಿದ. “ಛೆ! ನಾನೂರು ವರ್ಷದ ಹಿಂದೆ ಯಾರೋ ಬರೆದಿದ್ದು. ನಂದೇನಿದೆ ಅದ್ರಲ್ಲಿ?”

ಅವಳ ಮುಖ ಸಪ್ಪಗಾಯಿತು.

ಅಂದಿನಿಂದ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಓದುವ ಕನ್ನಡಕ ಕೇಳಿದ ಅಜ್ಜನ ಕೈಗೆ ತಂಪು ಕನ್ನಡಕ ಕೊಟ್ಟು ಬೈಸಿಕೊಂಡಳು. ‘ಯಾವ ಕಾಲದಲ್ಲೋ ಸತ್ತವನಿಗೆ ನನ್ನ ಸಂಕಟ ಹೇಗೆ ಗೊತ್ತಾಯಿತು? ಬರೆದವನು ಮಣ್ಣಾದರೂ ಮಾತು ಇನ್ನೂ ಬಿಸಿಯಾಗಿದೆಯಲ್ಲ! ಆದರೆ ಹೇಳುವವನ ಎದೆಯೇ ತಣ್ಣಗಿದ್ದರೆ ಏನು ಬಂತು?’

ದಿನಾ ಅದೇ ಮಾತು ಕೇಳಿ, ದಿನಾ ಅದು ಸುಳ್ಳೆಂದುಕೊಳ್ಳಲು ಅವಳಿಂದಾಗಲಿಲ್ಲ. ಇಡೀ ತಂಡದ ಮೊದಲ ತಾಲೀಮಿಗೆ ಒಂದು ದಿನವಿರುವಾಗ ಅಕ್ಕನ ಮನೆಗೆ ಹೋಗಿ ಚೀಟಿ ಮುಂದಿಟ್ಟಳು.

“ನಂಗೆ ಈ ಪಾತ್ರ ಬೇಡ ಅಕ್ಕಾ. ಅವರು ಅಷ್ಟೆಲ್ಲ ಹೇಳೋವಾಗ ಎದುರಿಗೆ ಕಲ್ಲಿನ ಹಾಗೆ ನಿಂತಿರೋಕೆ ನನ್ನ ಕೈಲಾಗಲ್ಲ.”

“ಎದುರಿಗಾ?” ಅಕ್ಕ ತನ್ನಲ್ಲಿದ್ದ ಪೂರ್ತಿ ಪ್ರತಿ ತೆರೆದಳು. “ಅಲ್ಲಿ ನೀನೆಲ್ಲಿದ್ದೀಯೇ ಹುಡುಗಿ? ಅವನು ಒಬ್ಬನೇ ನಿಂತು ಹೇಳ್ಕೋಬೇಕು. ಅದು ಮುಗಿದ ಮೇಲೆ ನೀನು ಒಳಗೆ ಬರೋದು. ಚೀಟೀಲಿ ಬರೆದಿಲ್ವಾ?”

ಬರೆದಿರಲಿಲ್ಲ! ಮೊದಲ ದಿನ ‘ಇಲ್ಲೇ ನಿಂತ್ಕೊಳ್ಳಿ’ ಎಂದವನೂ ಅವನೇ. ಅಲ್ಪವಿರಾಮ ತಪ್ಪಿದರೂ ಹಿಡಿಯುವವನು ಇಡೀ ಸಾಲನ್ನೇ ಮರೆತನೇ?

ಅವಳು ಓಡುನಡಿಗೆಯಲ್ಲಿ ಮುದ್ರಣಾಲಯಕ್ಕೆ ಬಂದಳು.

“ನನ್ನ ಚೀಟೀಲಿ ಒಂದು ಸಾಲು ಯಾಕಿಲ್ಲ?”

ಅವನ ಪೆನ್ನು ನಿಂತಿತು. ಕಿವಿಯವರೆಗೂ ಕೆಂಪಾದ.

“ಬೇಕಂತಲೇ ಬಿಟ್ಟೆ... ನೀವು ಕೇಳಿಸ್ಕೋಬೇಕು ಅಂತ. ನಂಗೆ ಅಷ್ಟು ಚೆನ್ನಾಗಿ ಹೇಳೋಕೆ ಬರಲ್ಲ. ನಾಟಕ ಬರೆದವನ ಬೆನ್ನ ಹಿಂದೆ ಅಡಗಿ ಹೇಳಿದೆ. ‘ನಂಗೆ ಹೇಳಿದ್ದಾ’ ಅಂತ ನೀವು ಕೇಳಿದಾಗ ಹೆದರಿಬಿಟ್ಟೆ.”

“ನಾನೆಷ್ಟು ಅತ್ತಿದ್ದೀನಿ ಗೊತ್ತಾ?” ಅವಳ ಕಣ್ಣು ತುಂಬಿತು. “ಅವನ ಮಾತು ಜನರಿಗೆ ಹೇಳಿ. ನಾನು ನಾಳೆಯಿಂದ ಅದು ಮುಗಿಯೋವರೆಗೂ ವೇದಿಕೆಯ ಹೊರಗೇ ನಿಂತಿರ್ತೀನಿ. ನಂಗೆ ನಿಮ್ಮದು ಹೇಳಿ. ಈಗಲೇ!”

ಅವನು ಪೆನ್ನು ಕೆಳಗಿಟ್ಟ.

“ನೀವು... ನೀವು ಬರದ ದಿನ ನಂಗೆ ಊಟ ಸೇರಲ್ಲ.”

“ಅಷ್ಟೇನಾ?”

“ಅಷ್ಟೇ ಬರೋದು.”

ಅವಳು ಮಸಿ ಮೆತ್ತಿದ ಅವನ ಬೆರಳುಗಳನ್ನು ಹಿಡಿದುಕೊಂಡಳು.

“ಇನ್ನೊಂದ್ಸಲ ಹೇಳಿ.”